ಕಾಯಕ ಕಲಿಸುವ ಶಾಲೆಯಲ್ಲಿ ಪಾಠ ನೋಡುವವರು ಯಾರು?

ಕಳೆದ ಕಾರ್ತಿಕದಲ್ಲಿ ಮಠವೊಂದರ ಆಶ್ರಯದಲ್ಲಿ ನಡೆಯುವ ಕೈಗಾರಿಕಾ ತರಬೇತಿ ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಹೋಗುವ ಸಂದರ್ಭ ಒದಗಿತ್ತು. ಷಟ್‌ಸ್ಥಲ ಧ್ವಜಾರೋಹಣ, ವಚನ ಪ್ರಾರ್ಥನೆ, ದಾನಿಗಳ ಸನ್ಮಾನ, ಪ್ರಸಾದ ಎಲ್ಲವೂ ಅಚ್ಚುಕಟ್ಟಾಗಿ ನಡೆದವು. ವೇದಿಕೆಯ ಮೇಲೆ ಮಾತನಾಡಿದವರೆಲ್ಲರೂ ಕಾಯಕದ ಮಹಿಮೆಯನ್ನು ಕೊಂಡಾಡಿದರು. ನಾವೂ ಕೊಂಡಾಡಿದೆವು. ಪ್ರಸಾದವಾದ ಮೇಲೆ ಸಮಯವಿತ್ತು. ಕಾಲೇಜು ಕಟ್ಟಡದ ಹಿಂದಿರುವ ವರ್ಕ್‌ಶಾಪನ್ನು ನೋಡಿ ಬರೋಣವೆಂದು ಹೊರಟೆವು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಳಿನ ಬಹುಭಾಗ ದುಡಿದು ನಿವೃತ್ತರಾದ ಶರಣರೊಬ್ಬರು ನಮ್ಮ ಜೊತೆಗಿದ್ದರು.

ಒಳಗೆ ಸಾಲಾಗಿ ನಾಲ್ಕು ಲೇತ್ ಯಂತ್ರಗಳು. ಒಂದೊಂದಕ್ಕೂ ಆಯುಧಪೂಜೆಯ ಕುಂಕುಮ ಹಾಗೆಯೇ ಇತ್ತು. ಚೆಂಡುಹೂವಿನ ಹಾರ ಒಣಗಿ ಕಡ್ಡಿಯಾಗಿತ್ತು. ಯಂತ್ರ ಒಮ್ಮೆ ತಿರುಗಿದ್ದರೂ ಆ ಹಾರ ಅಲ್ಲಿ ಉಳಿಯುತ್ತಿರಲಿಲ್ಲ. ಟರ್ನರ್ ವಿಭಾಗದ ಎರಡನೆಯ ವರ್ಷದ ಹುಡುಗನೊಬ್ಬ ಬಾಗಿಲಲ್ಲಿ ನಿಂತಿದ್ದ. ಏನೇನು ಕಲಿತೆಯಪ್ಪಾ ಎಂದು ಕೇಳಿದೆವು. "ರೆಕಾರ್ಡ್ ಪೂರ್ತಿ ಬರದೀನ್ರಿ ಸರ. ಲೇತ್ ಮ್ಯಾಲ ಇನ್ನೂ ಕೆಲಸಾ ಮಾಡಿಲ್ರಿ" ಎಂದ. ಓಡಿಹೋಗಿ ತನ್ನ ರೆಕಾರ್ಡ್ ಪುಸ್ತಕವನ್ನು ತಂದು ತೋರಿಸಿದ. ಮುತ್ತಿನಂಥ ಅಕ್ಷರ, ಗೆರೆ ಎಳೆದ ಚಿತ್ರಗಳು, ಪುಟಪುಟಕ್ಕೂ ಕೆಂಪು ಶಾಯಿಯ ಸಹಿ. ತಾನು ಮಾಡದೇ ಇದ್ದ ಕೆಲಸವನ್ನು ಹೇಗೆ ಮಾಡಿದೆನೆಂದು ಆ ಹುಡುಗ ನೂರು ಪುಟ ಬರೆದಿದ್ದ.

ಬೋಧಕರನ್ನು ವಿಚಾರಿಸಿದೆವು. ತರುಣ, ಡಿಪ್ಲೊಮಾ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು. ಮೋಟಾರು ಸುಟ್ಟು ಎಂಟು ತಿಂಗಳಾಗಿತ್ತು. ಕಚೇರಿಗೆ ಮೂರು ಸಲ ಬರೆದುಕೊಟ್ಟಿದ್ದರು. ಉಳಿದ ಯಂತ್ರಗಳನ್ನು ನಡೆಸಲು ಅವರಿಗೇ ಧೈರ್ಯ ಸಾಲದು; ಏಕೆಂದರೆ ಅವರಿಗೆ ಯಾರೂ ಪಕ್ಕದಲ್ಲಿ ನಿಂತು ಕಲಿಸಿರಲಿಲ್ಲ. ಇದನ್ನು ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತು. ಸಿಟ್ಟು ಬಂದಿದ್ದ ನಮಗೆ ಆ ಹೊತ್ತಿನಲ್ಲಿ ಅವರ ಮೇಲೆ ಮರುಕ ಹುಟ್ಟಿತು.

ಹೊರಡುವಾಗ ಕಚೇರಿಯವರು ವಾಡಿಕೆಯಂತೆ ಸಂದರ್ಶಕರ ಪುಸ್ತಕವನ್ನು ಮುಂದಿಟ್ಟರು. ಹಾಳೆ ತಿರುವಿದೆವು. ಬಂದವರೆಲ್ಲ ಸಂಸ್ಥೆ ಉತ್ತಮವಾಗಿ ನಡೆಯುತ್ತಿದೆಯೆಂದೂ ಬಡಮಕ್ಕಳ ಬಾಳಿಗೆ ಬೆಳಕಾಗಿದೆಯೆಂದೂ ಬರೆದು ಸಹಿ ಹಾಕಿದ್ದರು. ಹಿಂದಿನ ಪುಟಗಳಲ್ಲಿ ನಮ್ಮದೇ ಕೈಬರಹ ಸಿಕ್ಕಿತು. ಐದು ವರ್ಷದ ಹಿಂದೆ ಬಂದಾಗ ನಾವೂ ಅದೇ ಮಾತನ್ನು ಬರೆದಿದ್ದೆವು. ಆಗ ವರ್ಕ್‌ಶಾಪಿನ ಒಳಗೆ ಕಾಲಿಟ್ಟಿರಲಿಲ್ಲ.

ಈ ಸಂಪಾದಕೀಯ ಆ ಸಹಿಯ ಪ್ರಾಯಶ್ಚಿತ್ತ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಹೇಳಿದರೆ ತಪ್ಪು ಅಲ್ಲಿ ಮಾತ್ರ ಇದೆಯೆಂದು ಉಳಿದವರು ನೆಮ್ಮದಿಯಾಗಿ ಇದ್ದುಬಿಡುತ್ತಾರೆ.

ಶರಣ ಬಂಧುಗಳೇ, ನಮ್ಮ ಶಾಲೆಗಳಿಗೆ ತಪಾಸಣೆ ಇಲ್ಲವೆಂದು ಯಾರೂ ಹೇಳಲಾರರು. ಪ್ರೌಢಶಾಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಬರುತ್ತಾರೆ, ಉಪನಿರ್ದೇಶಕರ ಕಚೇರಿಯಿಂದ ವಿಷಯ ಪರಿವೀಕ್ಷಕರು ಬರುತ್ತಾರೆ. ಐಟಿಐಗಳಿಗೆ ಕೈಗಾರಿಕಾ ತರಬೇತಿ ಇಲಾಖೆಯವರು ಬರುತ್ತಾರೆ. ಸಾಹೇಬರು ಬರುತ್ತಾರೆಂದು ತಿಳಿದ ದಿನ ಅಂಗಳ ಗುಡಿಸಿ, ಗೋಡೆಗೆ ಪಟ ತೂಗುಹಾಕಿ, ಮಕ್ಕಳಿಗೆ ಸಮವಸ್ತ್ರ ಹಾಕಿಸುವುದೂ ನಮಗೆ ಗೊತ್ತಿದೆ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ನಗದು ಪುಸ್ತಕ, ಪಾಠಯೋಜನೆ ಇವೆಲ್ಲ ಮೇಜಿನ ಮೇಲೆ ಬರುತ್ತವೆ. ಯಂತ್ರ ದಾಸ್ತಾನಿನಲ್ಲಿ ಇದೆಯೇ? ಇದೆ. ಬೋಧಕ ಹುದ್ದೆ ಭರ್ತಿಯಾಗಿದೆಯೇ? ಆಗಿದೆ. ಚಹಾ, ಶಾಲು, ಫಲತಾಂಬೂಲ, ಕಾರು ಹೊರಡುತ್ತದೆ.

ಇದು ತಪಾಸಣೆ. ಇದೂ ಬೇಕು, ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಡವೆನ್ನಲಾಗದು. ಆದರೆ ಶೈಕ್ಷಣಿಕ ಮೇಲ್ವಿಚಾರಣೆ ಎಂಬುದು ಬೇರೆಯೇ ಕೆಲಸ. ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು, ಮಗು ಎಲ್ಲಿ ತೊಡಕಿಗೆ ಸಿಕ್ಕಿತು ಎಂದು ಗಮನಿಸುವುದು, ಆಮೇಲೆ ಬೋಧಕರ ಜೊತೆ ಕುಳಿತು ಇಬ್ಬರೂ ಸೇರಿ ದಾರಿ ಹುಡುಕುವುದು ಅದರ ರೀತಿ. ಅಮೆರಿಕದಲ್ಲಿ ಮೋರಿಸ್ ಕೋಗನ್ ಮತ್ತು ರಾಬರ್ಟ್ ಗೋಲ್ಡ್‌ಹ್ಯಾಮರ್ ಎಂಬ ಶಿಕ್ಷಣತಜ್ಞರು ಅರ್ಧ ಶತಮಾನಕ್ಕೂ ಹಿಂದೆ ಇದನ್ನೇ ಕ್ರಮವಾಗಿ ವಿವರಿಸಿದರು: ಪಾಠಕ್ಕೆ ಮುಂಚೆ ಬೋಧಕರೊಡನೆ ಮಾತು, ಪಾಠದ ಹೊತ್ತಿನಲ್ಲಿ ಮೌನವಾದ ನೋಟ, ಪಾಠವಾದ ಮೇಲೆ ಮತ್ತೆ ಮಾತು. ನಮ್ಮ ದೇಶದಲ್ಲಿ 1964–66ರ ಕೊಠಾರಿ ಆಯೋಗವೂ ಆಡಳಿತ ಮತ್ತು ಮೇಲ್ವಿಚಾರಣೆ ಈ ಎರಡನ್ನೂ ಬೇರ್ಪಡಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಸಂಬಳ ತಡೆಯುವ ಅಧಿಕಾರವುಳ್ಳವರ ಮುಂದೆ ಯಾವ ಬೋಧಕರು ತಾನೇ "ನನಗೆ ಇದು ಬರುವುದಿಲ್ಲ, ಕಲಿಸಿಕೊಡಿ" ಎಂದು ಬಾಯಿ ಬಿಟ್ಟಾರು? ಆಯೋಗ ಹೇಳಿ ಆರು ದಶಕಗಳಾದವು. ನಮ್ಮಲ್ಲಿ ಇಂದಿಗೂ ಎರಡೂ ಕೆಲಸ ಒಂದೇ ಕಾರಿನಲ್ಲಿ ಬಂದು ಒಂದೇ ಕಾರಿನಲ್ಲಿ ಹೋಗುತ್ತವೆ.

ಗಣಿತ, ಸಮಾಜ ವಿಜ್ಞಾನದ ಪಾಠಗಳಲ್ಲಿ ಈ ಕೊರತೆ ಇದ್ದರೂ ಒಂದು ಮಟ್ಟಿಗೆ ನಡೆದುಹೋಗುತ್ತದೆ. ಮಗುವಿನ ನೋಟ್‌ಪುಸ್ತಕ ನೋಡಿದರೆ ಕಲಿತದ್ದು ಅಷ್ಟಿಷ್ಟು ಕಾಣುತ್ತದೆ. ಕೈಕೆಲಸದ ವಿದ್ಯೆ ಹಾಗಲ್ಲ. ಉಕ್ಕಿನ ಪಟ್ಟಿಯೊಂದನ್ನು ಅರದಿಂದ ಉಜ್ಜಿ ಮಟ್ಟ ಮಾಡುವುದು ಫಿಟ್ಟರ್ ವಿದ್ಯಾರ್ಥಿಯ ಮೊದಲ ಪಾಠಗಳಲ್ಲಿ ಒಂದು. ನೋಡಲು ಸುಲಭ. ಮಾಡಹೋದರೆ ಕೈ ತೂಗುತ್ತದೆ, ಅರ ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ಆಡುತ್ತದೆ, ಪಟ್ಟಿಯ ನಡು ಉಬ್ಬಿ ಅಂಚು ಇಳಿಯುತ್ತದೆ. ಅದರ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಅಂಚಿನ ಸಂದಿಯಲ್ಲಿ ಬೆಳಕು ಇಣುಕುತ್ತದೆ. ತಪ್ಪು ಎಲ್ಲಿದೆ? ಪಟ್ಟಿಯಲ್ಲಲ್ಲ, ಹುಡುಗ ಕಾಲು ಊರಿ ನಿಂತ ಭಂಗಿಯಲ್ಲಿದೆ, ಮೊಣಕೈಯಲ್ಲಿದೆ. ಬಲ್ಲ ಗುರು ಹಿಂದೆ ನಿಂತು ಆ ಮೊಣಕೈಯನ್ನು ಒಂದಿಷ್ಟು ತಿದ್ದಿದರೆ ಹತ್ತು ದಿನದಲ್ಲಿ ಕೈ ಕೂರುತ್ತದೆ. ತಿದ್ದದಿದ್ದರೆ ಎರಡು ವರ್ಷವಾದರೂ ಕೂರುವುದಿಲ್ಲ. ಇದು ಯಾವ ರೆಕಾರ್ಡ್ ಪುಸ್ತಕದಲ್ಲಿ ಕಂಡೀತು? ಯಾವ ಹಾಜರಿ ಪಟ್ಟಿಯಲ್ಲಿ ಸಿಕ್ಕೀತು?

ವಿದ್ಯುತ್ ಕೆಲಸದಲ್ಲಂತೂ ಇದು ಪ್ರಾಣದ ಪ್ರಶ್ನೆ. ಅರ್ಥಿಂಗ್ ಸರಿಯಿದೆಯೇ ಎಂದು ಉಪಕರಣ ಹಿಡಿದು ಪರೀಕ್ಷಿಸಿ ಕಲಿಯದ ಹುಡುಗ ಎಲೆಕ್ಟ್ರಿಷಿಯನ್ ಪ್ರಮಾಣಪತ್ರ ಹಿಡಿದು ಊರಿಗೆ ಬರುತ್ತಾನೆ. ನಮ್ಮದೇ ಓಣಿಯ ಮನೆಗೆ ವೈರಿಂಗ್ ಮಾಡುತ್ತಾನೆ. ಒದ್ದೆ ಕೈಯಲ್ಲಿ ಮಿಕ್ಸರ್ ಮುಟ್ಟುವ ತಾಯಿಗೆ ಅವನು ಎಷ್ಟು ಅಂಕ ತೆಗೆದಿದ್ದನೆಂಬುದು ಕೆಲಸಕ್ಕೆ ಬರುವುದಿಲ್ಲ. ಗುಣಮಟ್ಟ ಎಂಬ ಮಾತನ್ನು ನಾವು ವರದಿಗಳಲ್ಲಿ ಬರೆಯುತ್ತೇವೆ. ಅದರ ನಿಜವಾದ ಅರ್ಥ ಆ ತಾಯಿಯ ಅಡುಗೆಮನೆಯಲ್ಲಿದೆ.

ಸರ್ಕಾರಗಳು ವೃತ್ತಿ ಶಿಕ್ಷಣವನ್ನು ಮರೆತಿವೆಯೆಂದಲ್ಲ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನೇ ನಡುವಿಟ್ಟುಕೊಂಡ ಮೂಲಶಿಕ್ಷಣವನ್ನು ಮುಂದಿಟ್ಟರು. ಕೊಠಾರಿ ಆಯೋಗ ಕಾರ್ಯಾನುಭವವನ್ನು ಎಲ್ಲರ ಶಿಕ್ಷಣದ ಭಾಗವಾಗಿಸಬೇಕೆಂದಿತು. 1986ರ ರಾಷ್ಟ್ರೀಯ ನೀತಿಯು ಹೈಯರ್ ಸೆಕೆಂಡರಿ ಹಂತದ ಶೇಕಡಾ 10ರಷ್ಟು ಮಕ್ಕಳನ್ನು 1990ರೊಳಗೆ, ಶೇಕಡಾ 25ರಷ್ಟು ಮಕ್ಕಳನ್ನು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ತರಬೇಕೆಂದಿತು. ಆಗದಿದ್ದಾಗ 1992ರಲ್ಲಿ ಗಡುವನ್ನು 1995 ಮತ್ತು 2000ಕ್ಕೆ ಮುಂದೂಡಲಾಯಿತು. ನಮ್ಮ ರಾಜ್ಯದ ಪದವಿಪೂರ್ವ ಕಾಲೇಜುಗಳಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ನಡೆದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅರೆಕಾಲಿಕ ಉಪನ್ಯಾಸಕರು ಅಲ್ಪ ಸಂಭಾವನೆಯಲ್ಲಿ ವರ್ಷಗಟ್ಟಲೆ ಅವನ್ನು ನಡೆಸಿದರು. ಕೊನೆಗೆ ಆ ಬೋಧಕರ ಬದುಕಿನ ಪ್ರಶ್ನೆಯೇ ದೊಡ್ಡದಾಗಿ, ಮಕ್ಕಳು ಏನು ಕಲಿತರೆಂಬ ಪ್ರಶ್ನೆ ಹಿಂದೆ ಉಳಿಯಿತು.

2013ರ ಕೊನೆಯಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಎನ್‌ಎಸ್‌ಕ್ಯುಎಫ್ ಎಂದು ನಮ್ಮ ಶಿಕ್ಷಕರು ಕರೆಯುವುದು ಇದನ್ನೇ. ಇದರ ಅಡಿಯಲ್ಲಿ ಇಂದು ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳು 9 ಮತ್ತು 10ನೆಯ ತರಗತಿಯಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಆಟೊಮೊಬೈಲ್, ರೀಟೇಲ್, ಮಾಹಿತಿ ತಂತ್ರಜ್ಞಾನ, ಸೌಂದರ್ಯ ಆರೈಕೆಯಂಥ ವೃತ್ತಿ ವಿಷಯವನ್ನು ಓದಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ. ಒಳ್ಳೆಯ ಹೆಜ್ಜೆ. ಆದರೆ ಕಲಿಸುವ ತರಬೇತುದಾರರು ಹೆಚ್ಚಾಗಿ ಖಾಸಗಿ ಸಂಸ್ಥೆಗಳ ಮೂಲಕ ಗುತ್ತಿಗೆಯ ಮೇಲೆ ಬರುವವರು. ಅವರು ಶಾಲೆಯ ಒಳಗಿದ್ದೂ ಶಾಲೆಯವರಲ್ಲ. ಮುಖ್ಯಗುರುಗಳು ಅವರ ತರಗತಿಯನ್ನು ನೋಡಲು ಹಿಂಜರಿಯುತ್ತಾರೆ. ತಮಗೆ ಎಂಜಿನ್ ಗೊತ್ತಿಲ್ಲ, ನೋಡಿ ಏನು ಹೇಳುವುದು ಎಂಬ ಅಳುಕು. ಕಳಿಸಿದ ಸಂಸ್ಥೆಯವರು ದೂರದ ನಗರದಲ್ಲಿದ್ದಾರೆ. ಹೀಗೆ ಎರಡು ಮನೆಯ ನಡುವೆ ಆ ತರಗತಿಗೆ ಹಿರಿಯರೇ ಇಲ್ಲದಂತಾಗಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಂದು ಕಟುಸತ್ಯವನ್ನು ಒಪ್ಪಿಕೊಂಡಿದೆ. 12ನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ 19ರಿಂದ 24 ವಯಸ್ಸಿನ ದುಡಿಯುವ ಭಾರತೀಯರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇಕಡಾ 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಶೇಕಡಾ 75, ದಕ್ಷಿಣ ಕೊರಿಯಾದಲ್ಲಿ ಶೇಕಡಾ 96. ಹಾಗಾಗಿ 2025ರೊಳಗೆ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು ಗುರಿ ಇಟ್ಟಿತು. ಗುರಿ ಮತ್ತೆ ಎಣಿಕೆಯದೇ. ಎಷ್ಟು ಮಕ್ಕಳು ಸೇರಿದರು ಎಂಬುದನ್ನು ದೆಹಲಿಯಲ್ಲಿ ಕುಳಿತು ಎಣಿಸಬಹುದು. ಸೇರಿದ ಮಗುವಿನ ಕೈ ಪಳಗಿತೇ ಎಂಬುದನ್ನು ಆ ಊರಿನಲ್ಲಿ, ಆ ವರ್ಕ್‌ಶಾಪಿನಲ್ಲಿ ನಿಂತೇ ನೋಡಬೇಕು.

ಇಲ್ಲಿಗೆ ನಮ್ಮ ಹೊಣೆ ಬರುತ್ತದೆ. ದೇಶದಲ್ಲಿರುವ ಸುಮಾರು 15 ಸಾವಿರ ಐಟಿಐಗಳಲ್ಲಿ ಬಹುಪಾಲು ಖಾಸಗಿಯವು. ಕರ್ನಾಟಕದಲ್ಲಿ ಅಂಥವುಗಳಲ್ಲಿ ಗಣನೀಯ ಭಾಗವನ್ನು ಮಠಗಳೂ ಮಠದ ಭಕ್ತರು ಕಟ್ಟಿದ ವಿದ್ಯಾವರ್ಧಕ ಸಂಘಗಳೂ ನಡೆಸುತ್ತಿವೆ. ಸರ್ಕಾರ ಕಣ್ಣು ಹಾಯಿಸದಿದ್ದ ಕಾಲದಲ್ಲಿ ನಮ್ಮ ಹಿರಿಯರು ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟರು. ಸಿದ್ಧಗಂಗೆ, ಸುತ್ತೂರು, ಸಿರಿಗೆರೆಗಳ ಹೆಸರು ಹೇಳಿದರೆ ಸಾಕು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಹುಟ್ಟುಹಾಕಿದವರು ಏಳು ಮಂದಿ ತರುಣ ಶಿಕ್ಷಕರು ಎಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಆ ಸಂಸ್ಥೆಯ ಮೊದಲ ಬಂಡವಾಳ ಕಲಿಸುವವರ ನಿಷ್ಠೆ. ಕಟ್ಟಡ ಆಮೇಲೆ ಬಂತು. ಇಂದು ನಮ್ಮಲ್ಲಿ ಅನೇಕ ಕಡೆ ಕಟ್ಟಡ ಮೊದಲು ಬರುತ್ತದೆ, ದಾನಿಗಳ ಹೆಸರಿನ ಕಲ್ಲು ಆಮೇಲೆ, ಕಲಿಸುವವರು ಕೊನೆಗೆ.

ಇನ್ನೊಂದು ಮಾತನ್ನು ನಾವು ನಮ್ಮೊಳಗೇ ಒಪ್ಪಿಕೊಳ್ಳಬೇಕು. ಕಾಯಕದ ಮಾತನ್ನು ನಮ್ಮಷ್ಟು ಆಡುವವರು ಇನ್ನೊಬ್ಬರಿಲ್ಲ. ಆದರೆ ನಮ್ಮ ಮನೆಯ ಮಗು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ವಿಜ್ಞಾನ, ಕಡಿಮೆ ತೆಗೆದರೆ ವಾಣಿಜ್ಯ, ಏನೂ ಆಗದಿದ್ದರೆ ಐಟಿಐ ಎನ್ನುತ್ತೇವೆ. ಸಂಸ್ಥೆಯ ಆವರಣದಲ್ಲಿ ಎಂಜಿನಿಯರಿಂಗ್ ಕಾಲೇಜು ಮುಂದೆ, ಐಟಿಐ ಹಿಂದೆ, ಹಲವೆಡೆ ತಗಡಿನ ಸೂರಿನ ಕೆಳಗೆ. ಆಡಳಿತ ಮಂಡಳಿಯ ಸಭೆಯಲ್ಲಿಯೂ ಅದರ ವಿಷಯ ಕಾರ್ಯಸೂಚಿಯ ಕೊನೆಗೆ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ ಇವರನ್ನು ಅನುಭವ ಮಂಟಪದಲ್ಲಿ ಸಮನಾಗಿ ಕೂರಿಸಿದ ಪರಂಪರೆ ನಮ್ಮದು. ಕೈಕೆಲಸವನ್ನು ಕೀಳೆಂದ ಸಮಾಜದ ವಿರುದ್ಧ ಎದ್ದು ನಿಂತವರ ವಾರಸುದಾರರು ನಾವು. ಅದೇ ಕೀಳರಿಮೆಯನ್ನು ಶಾಲೆಯ ನಕ್ಷೆಯಲ್ಲಿ ಮತ್ತೆ ಬರೆದಿದ್ದೇವಲ್ಲವೇ? ಹೆಣ್ಣುಮಕ್ಕಳ ವಿಷಯದಲ್ಲಂತೂ ಹೊಲಿಗೆಯಿಂದ ಆಚೆ ನಮ್ಮ ಯೋಚನೆ ಹೊರಡುವುದೇ ಇಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಮಡಿಲ ಅಕ್ಕಿಯನ್ನು ನೋಡಿದಳು, ಅಳತೆ ಮೀರಿದ್ದನ್ನು ಗುರುತಿಸಿದಳು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಭಾಷಣಗಳಲ್ಲಿ ಈ ಕಥೆಯನ್ನು ಅಪರಿಗ್ರಹದ ಪಾಠವೆಂದು ಹೇಳುತ್ತೇವೆ. ಮೇಲ್ವಿಚಾರಣೆಯ ಪಾಠವೂ ಇದರಲ್ಲಿದೆ. ಲಕ್ಕಮ್ಮನಿಗೆ ಯಾವ ಅಧಿಕಾರವೂ ಇರಲಿಲ್ಲ, ದಂಡ ಹಾಕುವ ಶಕ್ತಿಯೂ ಇರಲಿಲ್ಲ. ಅವಳಿಗೆ ಕಾಯಕ ಗೊತ್ತಿತ್ತು, ಅಳತೆ ಗೊತ್ತಿತ್ತು, ತಂದದ್ದನ್ನು ದಿನವೂ ಕಣ್ಣಾರೆ ನೋಡುತ್ತಿದ್ದಳು, ಮಾರಯ್ಯನ ಹಿತ ಬಯಸುತ್ತಿದ್ದಳು. ಈ ನಾಲ್ಕು ಇದ್ದವರೇ ನಿಜವಾದ ಮೇಲ್ವಿಚಾರಕರು. ಕಲಿಸದೆ ಕೊಟ್ಟ ಪ್ರಮಾಣಪತ್ರ, ಬಾರದ ಹುಡುಗನಿಗೆ ಹಾಕಿದ ಹಾಜರಿ, ಮಾಡದ ಜಾಬಿಗೆ ಹಾಕಿದ ಪ್ರಾಯೋಗಿಕ ಅಂಕ ಇವೆಲ್ಲ ಆ ಹೆಚ್ಚಿನ ಅಕ್ಕಿಯೇ. ಅದನ್ನು ಮರಳಿ ಸುರಿದು ಬನ್ನಿ ಎನ್ನುವ ಲಕ್ಕಮ್ಮ ನಮ್ಮ ಸಂಸ್ಥೆಗಳಲ್ಲಿ ಎಲ್ಲಿದ್ದಾಳೆ?

ದೂರುವುದಷ್ಟೇ ಸಂಪಾದಕೀಯದ ಕೆಲಸವಲ್ಲ. ಮಠಗಳ ಆಡಳಿತದಲ್ಲಿರುವ ಪೂಜ್ಯರು ಮತ್ತು ಸಂಸ್ಥೆಗಳ ಪದಾಧಿಕಾರಿಗಳ ಮುಂದೆ ಕೆಲವು ಸಲಹೆಗಳನ್ನು ವಿನಯದಿಂದ ಇಡುತ್ತೇವೆ. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಕಾಯಬೇಕಿಲ್ಲ.

ಮೊದಲನೆಯದು, ನಮ್ಮ ಸುತ್ತಲೂ ಇರುವ ಕೈಬಲ್ಲವರನ್ನು ಶಾಲೆಯ ಒಳಗೆ ಕರೆತರುವುದು. ಅಂದು ನಮ್ಮ ಜೊತೆ ಬಂದಿದ್ದ ಆ ಶರಣರು ಒಳಹೊಕ್ಕ ಕೂಡಲೇ ಲೇತಿನ ಟೂಲನ್ನು ಬೆರಳಿನಿಂದ ಸವರಿ, "ಇದು ಸಾಣೆ ಕಂಡೇ ಇಲ್ಲ" ಎಂದರು. ನಾವು ಐದು ವರ್ಷದಲ್ಲಿ ಕಾಣದ್ದನ್ನು ಅವರು ಐದು ನಿಮಿಷದಲ್ಲಿ ಕಂಡರು. ಆಮೇಲೆ ಆ ಹುಡುಗನನ್ನು ಕರೆದು ವರ್ನಿಯರ್ ಹಿಡಿಯುವುದನ್ನು, ಮಿಲಿಮೀಟರಿನ ಐವತ್ತನೆಯ ಒಂದು ಭಾಗವನ್ನು ಓದುವುದನ್ನು ಅರ್ಧ ಗಂಟೆ ತೋರಿಸಿದರು. ಬೋಧಕರೂ ಪಕ್ಕದಲ್ಲಿ ನಿಂತು ಕಲಿತರು, ಯಾರಿಗೂ ಅವಮಾನವಾಗಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ, ಭದ್ರಾವತಿಯ ಉಕ್ಕಿನ ಕಾರ್ಖಾನೆ, ಒಂದು ಕಾಲದಲ್ಲಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರ, ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳು, ಬೆಂಗಳೂರಿನ ಎಚ್‌ಎಂಟಿ ಇಲ್ಲೆಲ್ಲ ದುಡಿದು ಊರಿಗೆ ಮರಳಿದವರು ನಮ್ಮ ಭಕ್ತ ಸಮೂಹದಲ್ಲಿಯೇ ಇದ್ದಾರೆ. ಮಠದಲ್ಲಿ ಪ್ರಸಾದ ಬಡಿಸುವುದು ಹೇಗೆ ದಾಸೋಹವೋ ವಾರಕ್ಕೊಂದು ದಿನ ವರ್ಕ್‌ಶಾಪಿನಲ್ಲಿ ನಿಂತು ಮಗುವಿನ ಕೈ ತಿದ್ದುವುದೂ ದಾಸೋಹ. ಪೂಜ್ಯರು ಒಂದು ಮಾತು ಕರೆದರೆ ಬಾರದಿರುವವರು ಯಾರು?

ಎರಡನೆಯದು, ಪ್ರಾಚಾರ್ಯರು ಮತ್ತು ಮುಖ್ಯಗುರುಗಳು ವಾರಕ್ಕೆ ಎರಡು ತರಗತಿಯಲ್ಲಾದರೂ ಕುಳಿತುಕೊಳ್ಳಬೇಕು. ತಮಗೆ ಯಂತ್ರ ಗೊತ್ತಿಲ್ಲವೆಂದು ಅಳುಕಬೇಕಾದ್ದಿಲ್ಲ. ಪ್ರತಿ ಮಗುವಿನ ಕೈಗೆ ಉಪಕರಣ ಸಿಕ್ಕಿತೇ, ಎಷ್ಟು ಹೊತ್ತು ಸಿಕ್ಕಿತು, ತಪ್ಪಿದಾಗ ಬೋಧಕರು ತಿದ್ದಿದರೇ, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇದೆಯೇ ಎಂಬುದನ್ನು ನೋಡಲು ಕಾರ್ಖಾನೆಯ ಅನುಭವ ಬೇಕಿಲ್ಲ. ನೋಡಿದ ಮೇಲೆ ಬೋಧಕರೊಡನೆ ಹತ್ತು ನಿಮಿಷ ಮಾತು. ಆ ಮಾತಿನ ಟಿಪ್ಪಣಿ ಸಂಬಳದ ಕಡತಕ್ಕಾಗಲಿ ಶಿಸ್ತುಕ್ರಮಕ್ಕಾಗಲಿ ಹೋಗಬಾರದು. ಹೋದ ದಿನವೇ ಬೋಧಕರು ಮತ್ತೆ ರೆಕಾರ್ಡ್ ಪುಸ್ತಕದ ಹಿಂದೆ ಅಡಗುತ್ತಾರೆ.

ಮೂರನೆಯದು, ಮಕ್ಕಳು ಮಾಡಿದ ಕೆಲಸ ಕಣ್ಣಿಗೆ ಕಾಣುವಂತಿರಲಿ. ಪ್ರತಿ ವಿದ್ಯಾರ್ಥಿ ತಿಂಗಳಿಗೆ ಒಂದು ಜಾಬನ್ನು ತನ್ನ ಹೆಸರು, ದಿನಾಂಕ ಬರೆದು ಕಪಾಟಿನಲ್ಲಿ ಇಡಲಿ. ಮೊದಲ ತಿಂಗಳ ಡೊಂಕು ತುಂಡೂ ಅಲ್ಲಿರಲಿ, ಕೊನೆಯ ತಿಂಗಳ ನೇರ ತುಂಡೂ ಇರಲಿ. ಆ ಕಪಾಟು ನೋಡಿದರೆ ಸಂಸ್ಥೆಯ ಗುಣಮಟ್ಟಕ್ಕೆ ಬೇರೆ ವರದಿ ಬೇಕಾಗುವುದಿಲ್ಲ. ವಾರ್ಷಿಕೋತ್ಸವಕ್ಕೆ ಬಂದ ಅತಿಥಿಗಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ, ಆಮೇಲೆ ವೇದಿಕೆಗೆ.

ನಾಲ್ಕನೆಯದು, ಆಂತರಿಕ ಪ್ರಾಯೋಗಿಕ ಪರೀಕ್ಷೆಗೆ ಕಲಿಸಿದವರೊಬ್ಬರೇ ಅಂಕ ಹಾಕುವುದು ಬೇಡ. ಜರ್ಮನಿಯ ವೃತ್ತಿ ಪರೀಕ್ಷಾ ಮಂಡಳಿಗಳಲ್ಲಿ ಉದ್ಯಮದ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು, ವೃತ್ತಿ ಶಾಲೆಯ ಶಿಕ್ಷಕರು ಮೂವರೂ ಇರುತ್ತಾರೆ. ನಾವು ಪಕ್ಕದ ಮಠದ ಸಂಸ್ಥೆಯ ಬೋಧಕರೊಬ್ಬರನ್ನೂ ಊರಿನ ಗ್ಯಾರೇಜು ಅಥವಾ ಕಾರ್ಖಾನೆಯ ಅನುಭವಿ ಒಬ್ಬರನ್ನೂ ಕೂರಿಸಿಕೊಳ್ಳಬಹುದು. ನಮ್ಮ ಸಂಸ್ಥೆಗಳು ಪರಸ್ಪರ ಸ್ಪರ್ಧೆಗೆ ಬಿದ್ದು ಫಲಿತಾಂಶದ ಫ್ಲೆಕ್ಸ್ ಕಟ್ಟುವುದಕ್ಕಿಂತ ಒಬ್ಬರ ಮಕ್ಕಳನ್ನು ಇನ್ನೊಬ್ಬರು ನೋಡುವುದು ಲೇಸು.

ಕೊನೆಯದು, ಮತ್ತು ಇದಿಲ್ಲದೆ ಉಳಿದ ನಾಲ್ಕೂ ವ್ಯರ್ಥ: ಬೋಧಕರನ್ನು ಗೌರವದಿಂದ ನಡೆಸಿಕೊಳ್ಳುವುದು. ದೇಣಿಗೆ ನೋಡಿ ನೇಮಕ ಮಾಡುವುದು, ಜಾತಿಯೊಳಗಿನ ಪಂಗಡ ನೋಡಿ ನೇಮಕ ಮಾಡುವುದು, ತಿಂಗಳ ಸಂಬಳವನ್ನು ಮೂರು ತಿಂಗಳಿಗೊಮ್ಮೆ ಕೊಡುವುದು ಇವು ನಮ್ಮ ಸಂಸ್ಥೆಗಳಲ್ಲಿ ಇಲ್ಲವೇ ಇಲ್ಲವೆಂದು ಎದೆ ತಟ್ಟಿ ಹೇಳಬಲ್ಲೆವೇ? ಹೊಟ್ಟೆಗೆ ಸಾಲದ ಸಂಬಳ ಪಡೆಯುವ ಬೋಧಕರು ಸಂಜೆ ಬೇರೆ ಕೆಲಸಕ್ಕೆ ಹೋಗುತ್ತಾರೆ, ಅವರ ಮನಸ್ಸು ಮಧ್ಯಾಹ್ನವೇ ಹೋಗಿರುತ್ತದೆ. ಐಟಿಐ ಬೋಧಕರಿಗಾಗಿಯೇ ಒಂದು ವರ್ಷದ ಕರಕುಶಲ ಬೋಧಕ ತರಬೇತಿ ಇದೆ. ಸಂಸ್ಥೆಯ ಖರ್ಚಿನಲ್ಲಿ ವರ್ಷಕ್ಕೊಬ್ಬರನ್ನಾದರೂ ಅಲ್ಲಿಗೆ ಕಳಿಸಿರಿ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಹತ್ತಿರದ ಕಾರ್ಖಾನೆಯಲ್ಲಿ ನಿಲ್ಲಿಸಿರಿ. ಒಂದು ಕಮಾನಿಗೆ ಹಾಕುವ ಹಣದಲ್ಲಿ ಹಲವು ಬೋಧಕರ ಕೈ ಪಳಗುತ್ತದೆ.

ಇದಕ್ಕೆ ಬರುವ ಮರುಮಾತುಗಳೂ ನಮಗೆ ಗೊತ್ತಿವೆ. ಅನುದಾನವಿಲ್ಲ, ಶುಲ್ಕ ಏರಿಸಿದರೆ ಬಡಮಕ್ಕಳು ಬರುವುದಿಲ್ಲ, ಯಂತ್ರದ ಬೆಲೆ ಲಕ್ಷಗಟ್ಟಲೆ, ಮಾರುಕಟ್ಟೆಗೆ ಈಗ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ಬೇಕು ಎನ್ನುತ್ತಾರೆ. ಮಾತಿನಲ್ಲಿ ಸುಳ್ಳಿಲ್ಲ. ರಾಜ್ಯ ಸರ್ಕಾರವು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಆಧುನಿಕ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದೆ. ಅಷ್ಟು ಶಕ್ತಿ ನಮಗಿಲ್ಲ. ಆದರೆ ಅಲ್ಲಿಯೂ ಹೊಸ ಯಂತ್ರದ ಪಕ್ಕದಲ್ಲಿ ನಿಲ್ಲಬಲ್ಲ ಬೋಧಕರಿದ್ದರೆ ಮಾತ್ರ ವಿದ್ಯೆ. ನಾವು ಮೇಲೆ ಕೇಳಿದ ಬಹುಪಾಲು ಸಂಗತಿಗಳಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಹೊತ್ತು ಮತ್ತು ಮನಸ್ಸು. ಸುಟ್ಟ ಮೋಟಾರನ್ನು ಸುತ್ತಿಸಲು ಒಂದು ಸಮಾರಂಭದ ಶಾಲುಗಳ ಖರ್ಚು ಸಾಕಿತ್ತು.

ಹುಡುಗರೇ ತರಗತಿಗೆ ಬರುವುದಿಲ್ಲವೆಂಬ ದೂರೂ ಇದೆ. ಶೇಕಡಾ 80ರ ಹಾಜರಿ ನಿಯಮವಿದ್ದರೂ ಅನೇಕರು ಕೂಲಿಗೆ, ಗಾರೆ ಕೆಲಸಕ್ಕೆ ಹೋಗಿರುತ್ತಾರೆ. ಮನೆಯ ಕಷ್ಟ ಒಂದು ಕಾರಣ. ಬಂದರೆ ಅಲ್ಲಿ ಏನೂ ನಡೆಯುವುದಿಲ್ಲ ಎಂಬುದು ಇನ್ನೊಂದು. ಯಂತ್ರ ತಿರುಗುವ ವರ್ಕ್‌ಶಾಪಿಗೆ ಹುಡುಗರನ್ನು ಕರೆಯಬೇಕಾಗುವುದಿಲ್ಲ. ಆ ದಿನ ಆ ಶರಣರು ವರ್ನಿಯರ್ ತೋರಿಸುತ್ತಿದ್ದಾಗ ಎಲ್ಲಿದ್ದರೋ ಏನೋ, ಹನ್ನೊಂದು ಹುಡುಗರು ಸುತ್ತ ನೆರೆದಿದ್ದರು.

ಸಂದರ್ಶಕರ ಪುಸ್ತಕದಲ್ಲಿ ಈ ಸಲ ನಾವು ಬರೆದದ್ದು ಎರಡೇ ಸಾಲು: ಲೇತಿನ ಮೋಟಾರು ಸುಟ್ಟು ಎಂಟು ತಿಂಗಳಾಗಿದೆ, ಎರಡನೆಯ ವರ್ಷದ ಮಕ್ಕಳು ಇನ್ನೂ ಯಂತ್ರ ಮುಟ್ಟಿಲ್ಲ. ಕಚೇರಿಯವರ ಮುಖ ಸಪ್ಪಗಾಯಿತು. ಪೂಜ್ಯರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂದೇ ಮೋಟಾರು ಕಳಚಲು ಹೇಳಿದರು. ತಿಂಗಳ ನಂತರ ವಿಚಾರಿಸಿದಾಗ ಯಂತ್ರ ತಿರುಗುತ್ತಿದೆಯೆಂದೂ ನಮ್ಮ ಶರಣರು ಪ್ರತಿ ಗುರುವಾರ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದಾರೆಂದೂ ತಿಳಿಯಿತು. ಆ ಹುಡುಗನಿಗೆ ಪರೀಕ್ಷೆಗೆ ಇನ್ನು ಕೆಲವೇ ತಿಂಗಳು. ಎರಡು ವರ್ಷದ ವಿದ್ಯೆ ಅಷ್ಟರಲ್ಲಿ ಕೈಗೂಡಲಾರದು. ಕಳೆದ ದಿನಗಳನ್ನು ಅವನಿಗೆ ಯಾರೂ ಹಿಂದಿರುಗಿಸಲಾರರು. ಮುಂದಿನ ಜೂನ್‌ನಲ್ಲಿ ಸೇರುವ ಮಕ್ಕಳಿಗಾದರೂ ಹಾಗಾಗದಿರಲಿ. ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ನಿಮ್ಮ ಊರಿನ ಸಂಸ್ಥೆಯ ವರ್ಕ್‌ಶಾಪಿಗೆ ಒಮ್ಮೆ ಹೋಗಿ ಬನ್ನಿ. ಕಂಡದ್ದನ್ನು ನಮಗೆ ಬರೆಯಿರಿ. ಒಳ್ಳೆಯದಿದ್ದರೆ ಪ್ರಕಟಿಸುತ್ತೇವೆ, ಕೊರತೆಯಿದ್ದರೆ ಸಂಬಂಧಪಟ್ಟ ಪೂಜ್ಯರ ಗಮನಕ್ಕೆ ತರುತ್ತೇವೆ.